ಮಳೆಗಾಲ ಬಂದರೆ ವ್ಯಾಯಾಮ ನಿಂತೇ ಹೋಗುತ್ತದೆ, ಏನು ಮಾಡಲಿ?

ಕೋಥ್ರೂಡ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಊರು ಹಾವೇರಿ, ಪುಣೆಗೆ ಬಂದು ಒಂಬತ್ತು ವರ್ಷ. ವಯಸ್ಸು 37. ಕೆಲಸ ಹಿಂಜವಡಿಯಲ್ಲಿ, ಹೋಗಿ ಬರುವುದರಲ್ಲೇ ಎರಡೂವರೆ ತಾಸು. ಹೋದ ವರ್ಷ ಜಿಮ್‌ಗೆ ಇಡೀ ವರ್ಷದ ದುಡ್ಡು ಕಟ್ಟಿದೆ, ಹೋಗಿದ್ದು ಏಳು ವಾರ. ಈ ಜನವರಿಯಲ್ಲಿ ಟೇಕಡಿ, ಅಂದರೆ ಇಲ್ಲಿನ ಗುಡ್ಡ, ಹತ್ತಲು ಶುರು ಮಾಡಿದೆ, ಜೂನ್ ಮಳೆಗೆ ನಿಂತಿತು. ಈಗ ಶುಗರ್ ಗಡಿಗೆ ಬಂದಿದೆ. ಅಪ್ಪನಿಗೂ ಇತ್ತು. ಭಯ ಆಗಿದೆ. ಶುರು ಮಾಡುವುದು ನನಗೆ ಕಷ್ಟ ಅಲ್ಲ. ಉಳಿಸಿಕೊಳ್ಳುವುದು ಹೇಗೆ?

ಔಂಧ್‌ನವರು:
ಜೊತೆಗೊಬ್ಬರು ಇರಲಿ. ಕೆಳಗಿನ ಮನೆಯವರು ಗೇಟಿನ ಹತ್ತಿರ ಕಾಯುತ್ತಿರುತ್ತಾರೆ ಅಂತ ಗೊತ್ತಿದ್ದರೆ ಹಾಸಿಗೆ ಬಿಟ್ಟು ಏಳಲೇಬೇಕು.

ಪರ್ವತಿ ಅಕ್ಕ:
ತಮ್ಮಾ, ನಾನು ಗದಗಿನ ಕಡೆಯವಳು, ಈಗ ಸಹಕಾರನಗರ. ಇಲ್ಲಿನ ಪರ್ವತಿ ಗುಡ್ಡ ಹತ್ತಲು ಹಿಡಿದು ಏಳು ವರ್ಷ ಆಯಿತು. ಅದಕ್ಕೂ ಮೊದಲು ಮೂರು ಸಲ ಬಿಟ್ಟಿದ್ದೆ. ಮೂರು ಸಲವೂ ಒಂದೇ ತಪ್ಪು, ಮೊದಲ ದಿನವೇ 103 ಮೆಟ್ಟಿಲು ಪೂರ್ತಿ. ನಾಲ್ಕನೇ ದಿನ ಮೊಣಕಾಲು ಹಿಡಿಯುತ್ತಿತ್ತು, ಹತ್ತನೇ ದಿನಕ್ಕೆ ಎಲ್ಲಾ ಬಂದ್.

ನಾಲ್ಕನೇ ಸಲ ಲೆಕ್ಕ ಬದಲಿಸಿದೆ. ಹತ್ತುವುದು ನನ್ನ ನೇಮ ಅಲ್ಲ, ಮೆಟ್ಟಿಲ ಬುಡ ಮುಟ್ಟುವುದು ನೇಮ. ಅಲ್ಲಿಂದಲೇ ಕೈ ಮುಗಿದು ವಾಪಸ್ ಬಂದರೂ ಆ ದಿನ ತಪ್ಪಿಲ್ಲ. ಮೊದಲ ವಾರ 20 ಮೆಟ್ಟಿಲು. ಗುಡ್ಡದ ಮೇಲಿನ ದೇವಸ್ಥಾನ ಮುಟ್ಟಲು ಎರಡು ತಿಂಗಳು ಹಿಡಿಯಿತು.

ಗಡಿಯಾರ ನೋಡಿ ಹೊರಡಬೇಡಿ. ಆರಕ್ಕೆ ಅಂದುಕೊಂಡರೆ, ಆರು ದಾಟಿದ ಕೂಡಲೇ ಇವತ್ತು ಹೋಯಿತು ಅನ್ನಿಸುತ್ತದೆ. ನಾನು ಹಾಲು ಕಾಯಿಸಿದ ಮೇಲೆ ಹೊರಡುತ್ತೇನೆ. ಶೂ ಅಡುಗೆಮನೆ ಬಾಗಿಲಲ್ಲೇ ಇರುತ್ತದೆ, ಸಾಕ್ಸ್ ರಾತ್ರಿಯೇ ಅದರೊಳಗೆ ತುರುಕಿರುತ್ತೇನೆ. ಹಾಲು ಉಕ್ಕಿ ಬಂತು, ಗ್ಯಾಸ್ ಆರಿಸಿದೆ, ತಟ್ಟೆ ಮುಚ್ಚಿದೆ, ಕಾಲು ಶೂನಲ್ಲಿ. ಈಗ ಯೋಚನೆ ಮಾಡುವುದೇ ಇಲ್ಲ.

21 ದಿನ ಮಾಡಿದರೆ ರೂಢಿ ಆಗುತ್ತದೆ ಅನ್ನುತ್ತಾರಲ್ಲ, ಅದನ್ನು ನಂಬಿ ನಿರಾಸೆ ಆಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 12 ವಾರ ಗಮನಿಸಿದ್ದರು. ರೂಢಿ ಆಗಲು ಸುಮಾರು 66 ದಿನ ಬೇಕು ಅಂತ ಬಂತು. ಕೆಲವರಿಗೆ 18 ಸಾಕು, ಕೆಲವರಿಗೆ 254ರ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅಂತಲೂ ಕಂಡರು. ನನಗೆ ಧೈರ್ಯ ಕೊಟ್ಟದ್ದು ಈ ಮಾತು. ಯಜಮಾನರು ಆಸ್ಪತ್ರೆಯಲ್ಲಿದ್ದಾಗ 11 ದಿನ ತಪ್ಪಿತ್ತು. ಅವರು ಮನೆಗೆ ಬಂದ ಮರುದಿನ ಹೋಗಿ ಐದು ಮೆಟ್ಟಿಲು ಹತ್ತಿ, ಅಲ್ಲೇ ಕೂತು ಅತ್ತುಬಿಟ್ಟೆ. ಮಾರನೇ ದಿನ ಹತ್ತು ಹತ್ತಿದೆ.

ಮಳೆಗಾಲಕ್ಕೆ ಬೇರೆ ಜಾಗ ಬೇಕು, ಅದನ್ನು ಮೇ ತಿಂಗಳಲ್ಲೇ ಗೊತ್ತು ಮಾಡಿಕೊಳ್ಳಿ. ಕಲ್ಲು ಜಾರುವಾಗ ನಾನು ಪರ್ವತಿಗೆ ಹೋಗುವುದಿಲ್ಲ. ಹಾಲು ಕಾಯಿಸಿ, ಅದೇ ಶೂ ಹಾಕಿ, ನಮ್ಮ ಬಿಲ್ಡಿಂಗಿನ ನಾಲ್ಕು ಮಹಡಿ ಮೂರು ಸಲ. ಜಾಗ ಬದಲಾದರೂ ಹೊರಡುವ ಹೊತ್ತು ಬದಲಾಗಬಾರದು.

ನಡೆಯುವ ನರ್ಸ್:
ಶುಗರ್ ಗಡಿಯಲ್ಲಿದ್ದರೆ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಕೆಲಸ ಮಾಡುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಟ್ಟಿಗೇ ಮಾಡಬೇಕು ಅಂತಿಲ್ಲ, ತುಂಡು ತುಂಡಾಗಿಯೂ ಆಗುತ್ತದೆ. ಡಾಕ್ಟರನ್ನೂ ಕೇಳಿ.

ಕೋಥ್ರೂಡ್ ಕನ್ನಡಿಗ:
ಅಕ್ಕಾ, ನಿಮ್ಮ ಮಾತು ಎರಡು ಸಲ ಓದಿದೆ. ಬೆಳಗ್ಗೆ ನನಗೆ ಆಗುವುದಿಲ್ಲ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಸೊಸೈಟಿ ಗೇಟ್ ಮುಟ್ಟಿ ಬರುವುದು ಅಂತ ಇಟ್ಟುಕೊಂಡಿದ್ದೇನೆ. ಇವತ್ತು ಜೋರು ಮಳೆ ಇತ್ತು, ಪಾರ್ಕಿಂಗ್‌ನಲ್ಲೇ ಎಂಟು ಸುತ್ತು ಹಾಕಿದೆ. ಕೊನೆಯ ಮೂರು ಸುತ್ತಿಗೆ ಮಗಳೂ ಚಪ್ಪಲಿ ಹಾಕಿಕೊಂಡು ಬಂದಳು.