ಬಿದಿರು ಮೆಳೆಯೊಳಗಿನ ಟ್ರೋಗನ್: ಅಡ್ಡ ಬರುವ ಕಡ್ಡಿಗೆ ಏನು ಮಾಡುವುದು?

ಹೊಸಬ_ಶಿರಸಿ:
ನಮಸ್ಕಾರ ಎಲ್ಲರಿಗೂ. ಭಾನುವಾರ ಗಣೇಶಗುಡಿ ಕಡೆ ಹೋಗಿದ್ದೆ. ಬಿದಿರು ಮೆಳೆಯೊಳಗೆ ಗಂಡು ಮಲಬಾರ್ ಟ್ರೋಗನ್ ಸಿಕ್ಕಿತು, ಅದೇ ನಮ್ಮ ಕಾಕರಣೆ ಹಕ್ಕಿ. ಪುಣ್ಯಾತ್ಮ ಹತ್ತು ನಿಮಿಷ ಅಲ್ಲಾಡದೆ ಕೂತಿತ್ತು, ನಾನು ಎಂಬತ್ತು ಫೋಟೊ ಹೊಡೆದೆ, ಮನೆಗೆ ಬಂದು ನೋಡಿದರೆ ಅರ್ಧದಲ್ಲಿ ಕಡ್ಡಿ ಶಾರ್ಪ್ ಹಕ್ಕಿ ಮಸುಕು, ಇನ್ನರ್ಧದಲ್ಲಿ ಆ ಕೆಂಪು ಹೊಟ್ಟೆಯ ಮೇಲೆ ಹಸಿರು ಗೀಟು. 150-600 ಮಿ.ಮೀ. ಲೆನ್ಸ್, 600ರಲ್ಲಿ. ಎಲ್ಲ ಶಾರ್ಪ್ ಬರಲಿ ಅಂತ ಎಫ್/11 ಇಟ್ಟಿದ್ದೆ. ಹಕ್ಕಿ ಸುಮಾರು 12 ಮೀಟರ್ ದೂರ. ಎಡಿಟ್ ಮಾಡುವಾಗ ಕಡ್ಡಿ ಅಳಿಸಲು ಹೋದರೆ ಗರಿಯೂ ಅಳಿಸಿ ಹೋಗುತ್ತಿದೆ. ಇನ್ನೂ ದೊಡ್ಡ ಲೆನ್ಸ್ ಬೇಕಾ? (ದುಡ್ಡಿಲ್ಲ, ಮೊದಲೇ ಹೇಳಿಬಿಟ್ಟೆ.)

ಮೆಳೆಗಣ್ಣು:
ಲೆನ್ಸ್ ಸಾಕು ಗುರುಗಳೇ, ಎಫ್/11 ಬೇಡವಾಗಿತ್ತು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಅಗಲವಾಗಿ ತೆರೆಯುತ್ತದೆ, ಇಂಥ ಲೆನ್ಸ್ 600ರಲ್ಲಿ ಸಾಮಾನ್ಯವಾಗಿ ಎಫ್/6.3ರವರೆಗೆ ತೆರೆಯುತ್ತದೆ. 600ನ್ನು 6.3ರಿಂದ ಭಾಗಿಸಿ, ಸುಮಾರು 95 ಮಿ.ಮೀ. ಬರುತ್ತದೆ. 11ರಿಂದ ಭಾಗಿಸಿದರೆ ಬರೀ 55. ಲೆನ್ಸ್ ನೋಡುವ ಕಿಟಕಿಯ ಅಗಲ ಅದು. ಕಿಟಕಿ ದೊಡ್ಡದಿದ್ದರೆ ಬೆರಳು ದಪ್ಪದ ಕಡ್ಡಿ ಮುಂದೆ ಬಂದರೂ ಅದರ ಅಕ್ಕಪಕ್ಕದಿಂದ ಹಕ್ಕಿಯ ಬೆಳಕು ಒಳಗೆ ಬರುತ್ತದೆ.

ಇನ್ನೊಂದು ಲೆಕ್ಕ ನೋಡಿ. ಎಫ್/6.3ರಲ್ಲಿ ಕಡ್ಡಿ ನಿಮ್ಮಿಂದ 1 ಮೀಟರ್ ದೂರದಲ್ಲಿದ್ದರೆ, ಹಕ್ಕಿ ಕೂತ ಜಾಗದ ಅಳತೆಯಲ್ಲಿ ಅದರ ಮಸುಕು ಹೆಚ್ಚುಕಡಿಮೆ 1 ಮೀಟರ್ ಅಗಲ ಹರಡಿಕೊಳ್ಳುತ್ತದೆ, ಫೋಟೊದಲ್ಲಿ ಕಡ್ಡಿ ಅಂತ ಗೊತ್ತೇ ಆಗುವುದಿಲ್ಲ. ಅದೇ ಕಡ್ಡಿ ಹಕ್ಕಿಗಿಂತ 1 ಮೀಟರ್ ಮುಂದಿದ್ದರೆ ಹರಡುವುದು 1 ಸೆಂ.ಮೀ. ಕೂಡ ಇಲ್ಲ, ಗೀಟು ಗೀಟಾಗಿಯೇ ಇರುತ್ತದೆ. ಹಾಗಾಗಿ ನಿಮ್ಮ ಮೂಗಿನ ಮುಂದಿನ ಎಲೆಗೆ ಹೆದರಬೇಡಿ, ಹಕ್ಕಿಯ ಹತ್ತಿರದ ಎಲೆಯನ್ನು ತಪ್ಪಿಸಿ. ನೀವು 1 ಮೀಟರ್ ಪಕ್ಕಕ್ಕೆ ಸರಿದರೆ ಆ ಕಡ್ಡಿ ಹಕ್ಕಿಯ ಮೈಮೇಲೆ ಬರೀ 9 ಸೆಂ.ಮೀ. ಸರಿಯುತ್ತದೆ. ಕಣ್ಣಿನ ಮುಂದಿಂದ ಜರುಗಿಸಲು ಅಷ್ಟು ಸಾಕು. ನಿಂತಲ್ಲೇ ಎಂಬತ್ತು ಹೊಡೆದಿರಿ ಅಲ್ವಾ? ಎಂಬತ್ತೂ ಒಂದೇ ಫೋಟೊ.

ಕಾಫಿತೋಟ:
ಮೇಲಿನವರು ಫೋಕಸ್ ಬಿಟ್ಟರು. ಕಣ್ಣು ಹುಡುಕುವ ಆಟೊಫೋಕಸ್ ಬಿದಿರಿನಲ್ಲಿ ದಾರಿ ತಪ್ಪುತ್ತದೆ, ತೀರಾ ಚಿಕ್ಕ ಒಂದೇ ಫೋಕಸ್ ಚುಕ್ಕೆ (ಸಿಂಗಲ್ ಪಾಯಿಂಟ್) ಇಟ್ಟುಕೊಂಡು ಎಲೆ ಸಂದಿಯಿಂದ ತೂರಿಸಬೇಕು. ಆದರೂ ಮುಂದಿನ ಎಲೆ ಹಿಡಿಯಿತಾ, ಕೈಯಲ್ಲೇ ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿ ಹಕ್ಕಿಯ ಹತ್ತಿರಕ್ಕೆ ತಂದು ಆಮೇಲೆ ಬಟನ್ ಒತ್ತಿ. ಲೆನ್ಸ್ ಪಕ್ಕದ ಸ್ವಿಚ್ಚಿನಲ್ಲಿ 10 ಮೀಟರಿನಿಂದ ಆಚೆಗೆ ಮಾತ್ರ ಫೋಕಸ್ ಅಂತ ಇದ್ದರೆ ಹಾಕಿ. ಹಾಕಿದ್ದನ್ನು ಮರೆಯಬೇಡಿ ಮಾತ್ರ, ನಾನು ಒಂದ್ಸಲ 8 ಮೀಟರಿನಲ್ಲಿ ಕೂತ ರಾಜಹಕ್ಕಿಗೆ ಫೋಕಸ್ಸೇ ಆಗುತ್ತಿಲ್ಲ ಅಂತ ಬೈದುಕೊಂಡು ನಿಂತಿದ್ದೆ.

ಹತ್ತಿರದ ಎಲೆ ಮಾಯವಾದರೂ ಹಸಿರು ಮಂಜಿನ ಪರದೆ ಬಿಟ್ಟು ಹೋಗುತ್ತದೆ. ಆ ಎಲೆಯ ಮೇಲೆ ಬಿಸಿಲಿದ್ದರೆ ಜಾಸ್ತಿ. ನೆರಳಿನ ಎಲೆ ಆರಿಸಿಕೊಳ್ಳಿ.

ಬೈಕ್_ಬರ್ಡರ್:
ಇಷ್ಟೆಲ್ಲ ಲೆಕ್ಕ ಯಾಕೆ? ಕೋಲಿನಲ್ಲಿ ಆ ಕಡ್ಡಿ ಬಗ್ಗಿಸಿದ್ದರೆ ಮುಗಿಯುತ್ತಿತ್ತು 😄

ಮೆಳೆಗಣ್ಣು:
ನಗು ಬರುವ ಮಾತಲ್ಲ ಇದು. ಟ್ರೋಗನ್ ಗೆ ಸ್ವಲ್ಪ ಅನುಮಾನ ಬಂದರೂ ಬೆನ್ನು ತಿರುಗಿಸಿ ಕೂರುತ್ತದೆ, ಆಮೇಲೆ ಸಿಗುವುದು ಕಂದು ಬೆನ್ನು ಮಾತ್ರ. ಪಕ್ಕದಲ್ಲಿ ಗೂಡಿದ್ದರಂತೂ ಕೈ ಹಾಕಲೇಬೇಡಿ. ಮರೆಗೆ ಅಂತಲೇ ಅದು ಆ ಜಾಗ ಹುಡುಕಿರುತ್ತದೆ. ಎಲೆ ಸರಿಸಿದರೆ ಕಾಗೆಗೂ ಹಾವಿಗೂ ನಾವೇ ದಾರಿ ತೋರಿಸಿದ ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗೂಡಿಗೆ ತೊಂದರೆ ಕೊಡುವುದೂ 'ಬೇಟೆ' ಅನ್ನುವ ಅರ್ಥದೊಳಗೇ ಬರುತ್ತದೆ.

ಬೈಕ್_ಬರ್ಡರ್:
ಸರಿ ಸಾರ್, ಸುಮ್ನೆ ಅಂದೆ. ಗೂಡಿನ ವಿಷಯ ಗೊತ್ತಿರಲಿಲ್ಲ.

ಹೊಸಬ_ಶಿರಸಿ:
ಹಿತ್ತಿಲಿನಲ್ಲಿ ದಾಸವಾಳದ ಗಿಡದ ಆಚೆ ಒಂದು ತೆಂಗಿನಕಾಯಿ ಇಟ್ಟು ಪರೀಕ್ಷೆ ಮಾಡಿದೆ. ಎಫ್/6.3, ಗಿಡಕ್ಕೆ ಲೆನ್ಸ್ ತಾಗಿಸಿಯೇ ನಿಂತೆ. ಎಲೆ ನಿಜಕ್ಕೂ ಮಾಯ! ಎರಡು ಹೆಜ್ಜೆ ಹಿಂದೆ ಬಂದ ಕೂಡಲೇ ದಾಸವಾಳದ ಹೂವು ಕೆಂಪು ಮುದ್ದೆಯಾಗಿ ಕಾಯಿಯ ಮೇಲೆ ಬಂತು. ಅಮ್ಮ ಕಿಟಕಿಯಿಂದ ನೋಡಿ "ಕಾಯಿ ಒಡೆದು ಕೊಡುತ್ತೀಯೋ, ಫೋಟೊನೇ ಹೊಡೆಯುತ್ತೀಯೋ" ಅಂದರು. ಬರುವ ಭಾನುವಾರ ಮತ್ತೆ ಗಣೇಶಗುಡಿ.