ವಿಂಡೋಸ್ 10: 'ಎನ್‌ರೋಲ್ ನೌ' ಲಿಂಕ್ ಕಾಣಿಸುತ್ತಿಲ್ಲ, ಅಪ್‌ಡೇಟ್ ಕೂಡ ಫೇಲ್ ಆಗುತ್ತಿದೆ

ಮೇಷ್ಟ್ರು_ಸಾಗರ · 6 ಡಿಸೆಂಬರ್ 2025, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಸಾಗರದಿಂದ 14 ಕಿಲೋಮೀಟರ್ ಒಳಗೆ ನಮ್ಮ ಮನೆ. 2016ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್ ಇದೆ. ಐ3, ಆರನೇ ಜನರೇಶನ್, 4 ಜಿಬಿ ರ‍್ಯಾಮ್. ವಿಂಡೋಸ್ 10 ಹೋಮ್.

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು ಎಂದು ಪೇಪರಿನಲ್ಲಿ ಓದಿದೆ. ಇನ್ನೂ ಒಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತದೆ, ಅಪ್‌ಡೇಟ್ ಪುಟದಲ್ಲಿ 'ಎನ್‌ರೋಲ್ ನೌ' ಅಂತ ಲಿಂಕ್ ಬರುತ್ತದೆ ಎಂದೂ ಇತ್ತು. ನನ್ನದರಲ್ಲಿ ಆ ಲಿಂಕೇ ಇಲ್ಲ. 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿದರೆ ಸ್ವಲ್ಪ ದೂರ ಹೋಗಿ ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ. ಸಂಖ್ಯೆಯ ಕೊನೆ 80070070.

ಪರಿಚಯದ ರಿಪೇರಿಯವರಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಮಾಡಿ ಹೊಸದು ಹಾಕೋಣ, 800 ರೂಪಾಯಿ" ಎಂದರು. ಅದೇ ನನ್ನ ಹೆದರಿಕೆ. ಇದರಲ್ಲಿ ಪುಟ ವಿನ್ಯಾಸ ಮಾಡುವ ಪೇಜ್‌ಮೇಕರ್ ಇದೆ, ಕನ್ನಡ ಟೈಪ್ ಮಾಡುವ ನುಡಿ ಇದೆ. ನಮ್ಮ ಯಕ್ಷಗಾನ ಸಂಘದ 15 ವರ್ಷದ ಆಮಂತ್ರಣ ಪತ್ರಿಕೆಗಳೆಲ್ಲ ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡದೆ ಏನಾದರೂ ದಾರಿ ಇದೆಯಾ?

ಹಳೇಮೌಸ್ · 6 ಡಿಸೆಂಬರ್, ಬೆಳಿಗ್ಗೆ 11:05

ಮೇಷ್ಟ್ರೇ, ಫಾರ್ಮ್ಯಾಟ್ ಖಂಡಿತ ಬೇಡ. ಕೊನೆಯಲ್ಲಿ 0070 ಇದ್ದರೆ ಒಂದೇ ಅರ್ಥ, ಡಿಸ್ಕ್‌ನಲ್ಲಿ ಜಾಗ ಇಲ್ಲ. ವೈರಸ್ ಅಲ್ಲ, ವಿಂಡೋಸ್ ಕೆಟ್ಟಿಲ್ಲ. ಕೊಟ್ಟಿಗೆ ತುಂಬಿದೆ, ಹೊಸ ಮೂಟೆ ಇಡಲು ಜಾಗವಿಲ್ಲ, ಅಷ್ಟೇ.

ಎರಡು ವಿಷಯ ನೋಡಿ ಹೇಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಕೆಳಗೆ 'ವರ್ಷನ್' ಎದುರು ಏನಿದೆ ನೋಡಿ. ಆಮೇಲೆ ದಿಸ್ ಪಿಸಿ ತೆರೆದು ಸಿ ಡ್ರೈವ್‌ನಲ್ಲಿ ಎಷ್ಟು ಖಾಲಿ ಇದೆ, ಡಿ ಇದ್ದರೆ ಅದರಲ್ಲಿ ಎಷ್ಟು ಎಂದು ಬರೆಯಿರಿ.

ಮಿಂಟ್‌ಪ್ರಿಯ · 6 ಡಿಸೆಂಬರ್, ಬೆಳಿಗ್ಗೆ 11:40

ಈ ಕಷ್ಟ ಎಲ್ಲಾ ಯಾಕೆ? ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಬಿಡಿ ಸರ್. 4 ಜಿಬಿ ರ‍್ಯಾಮ್‌ನಲ್ಲಿ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಓಡುತ್ತದೆ. ಅಪ್‌ಡೇಟ್ ಪೂರ್ತಿ ಉಚಿತ. ಅದರಲ್ಲಿ ಟೈಪಿಂಗ್‌ಗೆ ಇರುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವೂ ಇದೆ, ನುಡಿಯಲ್ಲಿ ಟೈಪ್ ಮಾಡಿದ ಹಾಗೇ ಮಾಡಬಹುದು.

ಹಳೇಮೌಸ್ · 6 ಡಿಸೆಂಬರ್, ಮಧ್ಯಾಹ್ನ 12:10

ಮಿಂಟ್‌ಪ್ರಿಯ, ನನ್ನ ಮನೆಯಲ್ಲೂ ಮಿಂಟ್ ಇದೆ, ಜಗಳ ಇಲ್ಲ. ಬರೀ ಬ್ರೌಸರ್ ನೋಡುವವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮೇಷ್ಟ್ರು ಪೇಜ್‌ಮೇಕರ್ ಎಂದರು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ, ಅಂದರೆ ಈಗ ಫೋನ್, ಇಂಟರ್‌ನೆಟ್‌ನಲ್ಲೆಲ್ಲ ಬಳಸುವ ಕನ್ನಡ, ಗೊತ್ತಿಲ್ಲ. ಆ ಹಳೇ ಫೈಲುಗಳಲ್ಲಿ ಇರುವುದು ಆಸ್ಕಿ ನುಡಿ. ಅಂದರೆ ಒಳಗೆ ಇರುವುದೆಲ್ಲ ಇಂಗ್ಲಿಷ್ ಅಕ್ಷರದ ಸಂಕೇತಗಳೇ. ನುಡಿ ಫಾಂಟ್ ಎಂಬ ಕನ್ನಡಕ ಹಾಕಿಕೊಂಡಾಗ ಮಾತ್ರ ಕನ್ನಡ ಕಾಣುತ್ತದೆ. 15 ವರ್ಷದ ಪತ್ರಿಕೆ ಕೈಯಲ್ಲಿರುವವರಿಗೆ ಒಂದು ಶನಿವಾರ ಬೆಳಿಗ್ಗೆ ಮನೆ ಬದಲಿಸಿ ಎನ್ನುವುದು ನ್ಯಾಯವಲ್ಲ.

ಮೇಷ್ಟ್ರು_ಸಾಗರ · 6 ಡಿಸೆಂಬರ್, ಸಂಜೆ 4:35

ಕರೆಂಟ್ ಹೋಗಿತ್ತು, ಕ್ಷಮಿಸಿ. ವರ್ಷನ್ 21ಎಚ್2 ಎಂದಿದೆ. ಸಿ ಡ್ರೈವ್ 111 ಜಿಬಿ, ಖಾಲಿ 2.8 ಜಿಬಿ. ಡಿ ಡ್ರೈವ್ 465 ಜಿಬಿ, ಅದರಲ್ಲಿ 440 ಖಾಲಿ! 2021ರಲ್ಲಿ ಅಣ್ಣನ ಮಗ ಎಸ್‌ಎಸ್‌ಡಿ ಹಾಕಿಸಿ, ಹಳೇ ಹಾರ್ಡ್‌ಡಿಸ್ಕನ್ನು ಡಿವಿಡಿ ಇದ್ದ ಜಾಗಕ್ಕೆ ಕೂರಿಸಿಕೊಟ್ಟಿದ್ದ. ನಾನು ಅದನ್ನು ಮುಟ್ಟಿಯೇ ಇಲ್ಲ.

ಹಳೇಮೌಸ್ · 6 ಡಿಸೆಂಬರ್, ಸಂಜೆ 5:20

ಸಿಕ್ಕಿತು ನೋಡಿ. ಒಂದರ ಹಿಂದೆ ಒಂದು ಗಂಟು. ಲಿಂಕ್ ಬರಬೇಕಾದರೆ ವರ್ಷನ್ 22ಎಚ್2 ಆಗಿರಬೇಕು, ಮತ್ತು ಅದರ ಮೇಲಿನ ಈಚಿನ ಅಪ್‌ಡೇಟ್‌ಗಳು ಕೂತಿರಬೇಕು. ನಿಮ್ಮ 21ಎಚ್2 ಹೋಮ್‌ಗೆ ಅಪ್‌ಡೇಟ್ ನಿಂತಿದ್ದು 2023ರ ಜೂನ್ 13ಕ್ಕೆ. ಅಂದರೆ ನೀವು ಈ ಅಕ್ಟೋಬರ್‌ನಿಂದಲ್ಲ, ಎರಡೂವರೆ ವರ್ಷದಿಂದ ಬಾಗಿಲಿಗೆ ಚಿಲಕ ಇಲ್ಲದೆ ಇದ್ದೀರಿ. ಹೆದರಿಸಲು ಹೇಳುತ್ತಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದು ಜಗತ್ತಿನ ತುಂಬ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಎರಡು ತಿಂಗಳು ಸುಮ್ನೆ ಬಿದ್ದಿತ್ತು.

ಈಗ ಕೆಲಸ. ಮೊದಲು ಸಂಘದ ಫೋಲ್ಡರ್ ಪೂರ್ತಿ ಡಿ ಡ್ರೈವ್‌ಗೆ ಕಾಪಿ ಮಾಡಿ. ಒಂದು ಪೆನ್‌ಡ್ರೈವ್‌ಗೂ ಹಾಕಿ. ಸಿ ಒಳಗಿನ ವಿಂಡೋಸ್ ಫೋಲ್ಡರ್‌ನಲ್ಲಿ ಫಾಂಟ್ಸ್ ಇದೆಯಲ್ಲ, ಅಲ್ಲಿ ನುಡಿ ಹೆಸರಿನವನ್ನೆಲ್ಲ ಆರಿಸಿ ಅದನ್ನೂ ಕಾಪಿ ಮಾಡಿಟ್ಟುಕೊಳ್ಳಿ. 22ಎಚ್2 ಅಪ್‌ಡೇಟ್ ನಿಮ್ಮ ಫಾಂಟ್ ಮುಟ್ಟುವುದಿಲ್ಲ. ಪೇಜ್‌ಮೇಕರ್‌ಗೂ ಏನೂ ಆಗುವುದಿಲ್ಲ. 21ಎಚ್2ನಿಂದ 22ಎಚ್2 ಅಂದರೆ ದೊಡ್ಡ ಜಿಗಿತವಲ್ಲ, ಒಳಗೆ ಎರಡೂ ಒಂದೇ, ಸ್ವಿಚ್ ಒತ್ತಿದ ಹಾಗೆ. ಆದರೂ ಕಾಪಿ ಇರಲಿ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್. ಅಲ್ಲಿ 'ಟೆಂಪರರಿ ಫೈಲ್ಸ್' ಒತ್ತಿ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ರೀಸೈಕಲ್ ಬಿನ್, ಡೆಲಿವರಿ ಆಪ್ಟಿಮೈಸೇಶನ್ ಫೈಲ್ಸ್ ಇವಕ್ಕೆ ಟಿಕ್ ಹಾಕಿ. ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಅಂತಲೂ ಒಂದು ಇರುತ್ತದೆ. ಅದಕ್ಕೆ ಟಿಕ್ ಹಾಕಲೇಬೇಡಿ. ಹಾಕಿದರೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುವುದೆಲ್ಲ ಹೋಗುತ್ತದೆ. ನನ್ನ ಭಾವನ ಮಗಳ ಮದುವೆ ಫೋಟೋ ಹಾಗೇ ಹೋಗಿದ್ದು. ಇವತ್ತಿಗೂ ಅವರ ಮನೆಗೆ ಹೋದರೆ ಕಾಫಿ ಸ್ವಲ್ಪ ತಡವಾಗಿ ಬರುತ್ತದೆ.

ಸಿ ಡ್ರೈವ್‌ನಲ್ಲಿ 20 ಜಿಬಿ ಖಾಲಿ ಆದರೆ ನಿಶ್ಚಿಂತೆ. ಎಷ್ಟಾಯಿತು ಹೇಳಿ.

ಮೇಷ್ಟ್ರು_ಸಾಗರ · 7 ಡಿಸೆಂಬರ್, ಬೆಳಿಗ್ಗೆ 9:15

ತಮ್ಮಾ, ನೀವು ಹೇಳಿದ ಹಾಗೇ ಮಾಡಿದೆ. ಈಗ 13 ಜಿಬಿ ಖಾಲಿ. ಡೌನ್‌ಲೋಡ್ಸ್ ಒಂದೇ 38 ಜಿಬಿ ಇದೆ! ಏನಪ್ಪಾ ಎಂದು ನೋಡಿದರೆ ಊರಿನವರ ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್. ನಮ್ಮ ಕೇರಿಯಲ್ಲಿ ಪ್ರಿಂಟರ್ ಇರುವುದು ನನ್ನ ಮನೆಯಲ್ಲಿ ಮಾತ್ರ. ಅದರ ಜೊತೆ ಸಂಘದ ಆಟಗಳ ವಿಡಿಯೋ. ಜಾಗ ತಿಂದಿದ್ದು ಅವೇ ಇರಬೇಕು.

ಕೀಲಿಮಣೆ · 7 ಡಿಸೆಂಬರ್, ಬೆಳಿಗ್ಗೆ 9:50

ಮೇಷ್ಟ್ರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಡೌನ್‌ಲೋಡ್ಸ್ ಫೋಲ್ಡರನ್ನೇ ಡಿ ಡ್ರೈವ್‌ಗೆ ಸಾಗಿಸಿಬಿಡಬಹುದು. ಮೊದಲು ಡಿ ಒಳಗೆ ಡೌನ್‌ಲೋಡ್ಸ್ ಎಂಬ ಹೊಸ ಫೋಲ್ಡರ್ ಮಾಡಿ. ಆಮೇಲೆ ಹಳೆಯದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, 'ಲೊಕೇಶನ್' ಟ್ಯಾಬ್, 'ಮೂವ್'. ಹೊಸ ಫೋಲ್ಡರ್ ತೋರಿಸಿ. ನೇರ ಡಿ ಡ್ರೈವ್ ಅನ್ನೇ ತೋರಿಸಬೇಡಿ, ಆಮೇಲೆ ಬಿಡಿಸುವುದು ರಗಳೆ. ಇದ್ದ ಫೈಲ್ ಸಾಗಿಸಲಾ ಎಂದು ಕೇಳುತ್ತದೆ, ಯೆಸ್ ಅನ್ನಿ. ಇನ್ನು ಮುಂದೆ ಇಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ಬೇರೆಯವರ ಆಧಾರ್ ನಿಮ್ಮ ಹತ್ತಿರ ವರ್ಷಗಟ್ಟಲೆ ಇರುವುದು ಸರಿಯಲ್ಲ. ಅದೂ ಎರಡೂವರೆ ವರ್ಷ ಅಪ್‌ಡೇಟ್ ಆಗದ ಕಂಪ್ಯೂಟರ್‌ನಲ್ಲಿ. ಪ್ರಿಂಟ್ ಆದ ಮೇಲೆ ಅಳಿಸಿ, ರೀಸೈಕಲ್ ಬಿನ್ನಿಂದಲೂ ತೆಗೆಯಿರಿ.

ಮೇಷ್ಟ್ರು_ಸಾಗರ · 7 ಡಿಸೆಂಬರ್, ಮಧ್ಯಾಹ್ನ 1:30

ಬೇಜಾರು ಎಂಥದ್ದು, ನಿಜವೇ ಅದು. ಹೊಳೆದಿರಲಿಲ್ಲ. ಕೂತು ಅಳಿಸುತ್ತೇನೆ.

ಫೋಲ್ಡರ್ ಸಾಗಿಸಿ ಆಯಿತು. ಸಿ ಈಗ 51 ಜಿಬಿ ಖಾಲಿ. ಆದರೆ ಅಪ್‌ಡೇಟ್ ಈಗ ಎರರ್ ಕೊಡುತ್ತಿಲ್ಲ, ಡೌನ್‌ಲೋಡ್ ಶುರುವೇ ಆಗುತ್ತಿಲ್ಲ. 'ಮೀಟರ್ಡ್ ಕನೆಕ್ಷನ್' ಎಂದು ಏನೋ ಬರೆದಿದೆ. ನಾನು ಮೊಬೈಲ್ ಹಾಟ್‌ಸ್ಪಾಟ್ ಹಾಕುತ್ತೇನೆ. ದಿನಕ್ಕೆ 2 ಜಿಬಿ ಪ್ಯಾಕ್.

ಹಳೇಮೌಸ್ · 7 ಡಿಸೆಂಬರ್, ಮಧ್ಯಾಹ್ನ 2:00

ಎರಡನೇ ಗಂಟು! ಡೇಟಾ ಉಳಿಯಲಿ ಎಂದು ಅಣ್ಣನ ಮಗ ನಿಮ್ಮ ಹಾಟ್‌ಸ್ಪಾಟನ್ನು ಮೀಟರ್ಡ್ ಮಾಡಿಟ್ಟಿರಬೇಕು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಮೀಟರ್ಡ್ ಇದ್ದರೆ ವಿಂಡೋಸ್ ದೊಡ್ಡ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸುವುದಿಲ್ಲ.

ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ವೈಫೈ. ನಿಮ್ಮ ಹಾಟ್‌ಸ್ಪಾಟ್ ಹೆಸರು ಒತ್ತಿ, 'ಸೆಟ್ ಆಸ್ ಮೀಟರ್ಡ್ ಕನೆಕ್ಷನ್' ಆಫ್ ಮಾಡಿ. ಆದರೆ ಎರಡೂವರೆ ವರ್ಷದ ಬಾಕಿ ಇದೆ. 2 ಜಿಬಿ ಪ್ಯಾಕ್‌ನಲ್ಲಿ ಕೂತರೆ ಸಂಘದ ವಾಟ್ಸಾಪ್ ಗ್ರೂಪ್ ನೋಡಲು ಏನೂ ಉಳಿಯುವುದಿಲ್ಲ. ಫೈಬರ್ ಇರುವ ನೆಂಟರ ಮನೆ ಹತ್ತಿರ ಇದೆಯಾ?

ಮೇಷ್ಟ್ರು_ಸಾಗರ · 7 ಡಿಸೆಂಬರ್, ಮಧ್ಯಾಹ್ನ 2:20

ಶಿವಮೊಗ್ಗದಲ್ಲಿ ಮಗಳ ಮನೆ. ಬುಧವಾರ ಹೋಗುವುದಿತ್ತು. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುತ್ತೇನೆ. ಅಲ್ಲಿಯೂ ಕರೆಂಟ್ ಹೋದರೆ? ನನ್ನ ಬ್ಯಾಟರಿ 20 ನಿಮಿಷ ಬಂದರೆ ಹೆಚ್ಚು.

ಹಳೇಮೌಸ್ · 7 ಡಿಸೆಂಬರ್, ಮಧ್ಯಾಹ್ನ 2:45

ಯುಪಿಎಸ್ ಇದ್ದರೆ ಅದರ ಪ್ಲಗ್ಗಿಗೇ ಹಾಕಿ. ಡೌನ್‌ಲೋಡ್ ಆಗುವಾಗ ಕರೆಂಟ್ ಹೋದರೆ ಚಿಂತೆಯಿಲ್ಲ, ಮತ್ತೆ ಮುಂದುವರಿಯುತ್ತದೆ. ನೀಲಿ ಪರದೆಯ ಮೇಲೆ 'ವರ್ಕಿಂಗ್ ಆನ್ ಅಪ್‌ಡೇಟ್ಸ್' ಎಂದು ಶೇಕಡ ಏರುತ್ತಿರುವಾಗ ಮಾತ್ರ ಪವರ್ ಬಟನ್ ಮುಟ್ಟಬಾರದು. ಹಳೇ ಮೆಷಿನ್ನಿನಲ್ಲಿ ಒಂದೇ ಸಂಖ್ಯೆ ಮೇಲೆ ಅರ್ಧ ಗಂಟೆ ನಿಂತಿರುತ್ತದೆ. ನಿಲ್ಲಲಿ. ಮೊಮ್ಮಕ್ಕಳ ಜೊತೆ ಆಟ ಆಡಿ.

ಮುಗಿದ ಮೇಲೆ ಶಟ್‌ಡೌನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ. ಮತ್ತೆ 'ಚೆಕ್ ಫಾರ್ ಅಪ್‌ಡೇಟ್ಸ್'. 'ಫೀಚರ್ ಅಪ್‌ಡೇಟ್ 22ಎಚ್2' ಎಂದು ಬೇರೆಯಾಗಿ ಕಾಣಿಸಿದರೆ ಅದರ ಕೆಳಗಿನ 'ಡೌನ್‌ಲೋಡ್ ಅಂಡ್ ಇನ್‌ಸ್ಟಾಲ್' ನೀವೇ ಒತ್ತಬೇಕು. ಹೊಸದೇನೂ ಬರದೇ ಇರುವ ತನಕ ಇದನ್ನೇ ಮಾಡಿ.

ಹೊಸಬ_ತುಮಕೂರು · 8 ಡಿಸೆಂಬರ್, ರಾತ್ರಿ 8:10

ನಾನು ಒಂದು ಸೈಟ್ ತೆರೆದಾಗ 'ನಿಮ್ಮ ವಿಂಡೋಸ್ 10 ಅವಧಿ ಮುಗಿದಿದೆ, ಈಗಲೇ ಅಪ್‌ಡೇಟ್ ಮಾಡಿ' ಎಂದು ಬಂತು, ಫೋನ್ ನಂಬರ್ ಸಮೇತ. ಅಲ್ಲಿಂದಲೇ ಮಾಡಬಹುದಾ?

ಕೀಲಿಮಣೆ · 8 ಡಿಸೆಂಬರ್, ರಾತ್ರಿ 8:25

ಬೇಡ! ಅದು ಮೋಸ. ಬ್ರೌಸರ್ ಒಳಗೆ ಬರುವ, ಫೋನ್ ನಂಬರ್ ಕೊಡುವ ಯಾವ 'ಅಪ್‌ಡೇಟ್' ಕೂಡ ನಿಜವಲ್ಲ. ಆ ಟ್ಯಾಬ್ ಮುಚ್ಚಿ. ಮುಚ್ಚದಿದ್ದರೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ವಿಂಡೋಸ್ ಅಪ್‌ಡೇಟ್‌ಗೆ ಸೆಟ್ಟಿಂಗ್ಸ್ ಒಳಗಿಂದಲೇ ಹೋಗಿ. 'ಡ್ರೈವರ್ ಅಪ್‌ಡೇಟರ್' ಎಂದು ಬಿಟ್ಟಿ ಸಿಗುವ ಸಾಫ್ಟ್‌ವೇರ್‌ಗಳನ್ನೂ ಹಾಕಬೇಡಿ.

ಮೇಷ್ಟ್ರು_ಸಾಗರ · 10 ಡಿಸೆಂಬರ್, ರಾತ್ರಿ 9:40

ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಮೂರು ಸಲ ರೀಸ್ಟಾರ್ಟ್ ಆಯಿತು. ಈಗ 22ಎಚ್2! ಪೇಜ್‌ಮೇಕರ್ ತೆರೆದು ನೋಡಿದೆ, 2011ರ ಆಮಂತ್ರಣವೂ ಸರಿಯಾಗಿ ಕಾಣಿಸಿತು. ಆದರೆ ಕೊನೆಯ ಒಂದು ಅಪ್‌ಡೇಟ್ ಡೌನ್‌ಲೋಡ್ ಶೇಕಡ 0ರಲ್ಲೇ ಒಂದು ಗಂಟೆಯಿಂದ ನಿಂತಿದೆ.

ಹಳೇಮೌಸ್ · 10 ಡಿಸೆಂಬರ್, ರಾತ್ರಿ 10:00

ಜಾಗ ಇಲ್ಲದಿದ್ದಾಗ ಅರ್ಧಂಬರ್ಧ ಇಳಿದ ಫೈಲುಗಳು ಅಡ್ಡ ಬಂದಿರಬಹುದು. ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಎಂದು ಹುಡುಕಿ ತೆರೆಯಿರಿ. ಪಟ್ಟಿಯ ಕೊನೆಯ ಕಡೆ 'ವಿಂಡೋಸ್ ಅಪ್‌ಡೇಟ್' ಇದೆ. ರೈಟ್ ಕ್ಲಿಕ್ ಮಾಡಿ 'ಸ್ಟಾಪ್'. ಈಗ ಸಿ ಡ್ರೈವ್, ವಿಂಡೋಸ್, ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಶನ್, ಅದರೊಳಗೆ ಡೌನ್‌ಲೋಡ್. ಆ ಫೋಲ್ಡರ್ ಒಳಗಿನದ್ದನ್ನು ಮಾತ್ರ ಅಳಿಸಿ. ಹೊರಗಿನ ಯಾವ ಫೋಲ್ಡರನ್ನೂ ಮುಟ್ಟಬೇಡಿ. ರೀಸ್ಟಾರ್ಟ್ ಮಾಡಿ ಮತ್ತೆ ಚೆಕ್ ಮಾಡಿ.

ಮೇಷ್ಟ್ರು_ಸಾಗರ · 11 ಡಿಸೆಂಬರ್, ಬೆಳಿಗ್ಗೆ 7:30

ಬಂತು ತಮ್ಮಾ, ಬಂತು! ರಾತ್ರಿಯೇ ಅಪ್‌ಡೇಟ್ ಕೂತಿತು. ಬೆಳಿಗ್ಗೆ ಎದ್ದು ನೋಡಿದರೆ 'ಎನ್‌ರೋಲ್ ನೌ' ಇದೆ. ಒತ್ತಿದರೆ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತಿದೆ. ನನ್ನದು ಬರೀ 'ಅಡ್ಮಿನ್' ಎಂಬ ಹೆಸರು, ಪಾಸ್‌ವರ್ಡ್ ಕೂಡ ಇಲ್ಲ. ದುಡ್ಡು ಕೊಡಬೇಕಾ?

ಹಳೇಮೌಸ್ · 11 ಡಿಸೆಂಬರ್, ಬೆಳಿಗ್ಗೆ 8:05

ಅಕೌಂಟ್ ಇಲ್ಲದೆ ಆಗುವುದಿಲ್ಲ. ಮಗಳ ಹತ್ತಿರ ಕೂತು ಒಂದು ಮಾಡಿಸಿಕೊಳ್ಳಿ, ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಡಿ. ಮೂರು ದಾರಿ ತೋರಿಸುತ್ತದೆ: ಸೆಟ್ಟಿಂಗ್ಸ್ ಬ್ಯಾಕಪ್ ಮಾಡುವುದು, 1000 ರಿವಾರ್ಡ್ಸ್ ಪಾಯಿಂಟ್ ಕೊಡುವುದು, 30 ಡಾಲರ್ ಕಟ್ಟುವುದು. ಮೊದಲನೆಯದು ಉಚಿತ. ಅದನ್ನೇ ಆರಿಸಿ.

ಅಲ್ಲೊಂದು ಎಚ್ಚರಿಕೆ. ಬ್ಯಾಕಪ್ ಎಂದರೆ ಒನ್‌ಡ್ರೈವ್‌ಗೆ, ಅಂದರೆ ಇಂಟರ್‌ನೆಟ್‌ನಲ್ಲಿರುವ ಮೈಕ್ರೋಸಾಫ್ಟ್ ಕಪಾಟಿಗೆ ಹೋಗುತ್ತದೆ. ಬಿಟ್ಟಿ ಸಿಗುವುದು 5 ಜಿಬಿ. ಸೆಟ್ಟಿಂಗ್ಸ್ ಮಾತ್ರ ಹೋಗಲಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಆಫ್ ಮಾಡಿ. ಇಲ್ಲದಿದ್ದರೆ ಎರಡು ದಿನಕ್ಕೆ 'ಜಾಗ ತುಂಬಿದೆ, ದುಡ್ಡು ಕೊಡಿ' ಎಂದು ಕಾಟ ಶುರು.

ಮೇಷ್ಟ್ರು_ಸಾಗರ · 11 ಡಿಸೆಂಬರ್, ಬೆಳಿಗ್ಗೆ 11:50

ಆಯಿತು. 2026ರ ಅಕ್ಟೋಬರ್ 13ರ ತನಕ ಎಂದು ತೋರಿಸುತ್ತಿದೆ. ಒಂದು ಪೈಸೆ ಖರ್ಚಿಲ್ಲ. ಅದಾದ ಮೇಲೆ? ವಿಂಡೋಸ್ 11 ಇದಕ್ಕೆ ಹಾಕಬಹುದಾ? ಯಾವುದೋ ವಿಡಿಯೋದಲ್ಲಿ ಹಳೇ ಕಂಪ್ಯೂಟರ್‌ಗೂ ಹಾಕುವುದು ತೋರಿಸಿದರು.

ಹಳೇಮೌಸ್ · 11 ಡಿಸೆಂಬರ್, ಮಧ್ಯಾಹ್ನ 12:30

ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ, ನಿಜ. ಆದರೆ ಇಂಟೆಲ್ ಆದರೆ ಎಂಟನೇ ಜನರೇಶನ್ ಮತ್ತು ಮೇಲೆ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು ಎಂಬುದು ನಿಯಮ. ಹಿತ್ತಲ ಬಾಗಿಲಿನಿಂದ ಹಾಕಿದ ಮೆಷಿನ್ನಿಗೆ ಮುಂದೆ ಅಪ್‌ಡೇಟ್ ಕೊಡುವ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ನಾವು ಇಷ್ಟೆಲ್ಲ ಒದ್ದಾಡಿದ್ದೇ ಅಪ್‌ಡೇಟ್‌ಗೆ ಅಲ್ವಾ? ಅದರ ಮೇಲೆ 4 ಜಿಬಿ ರ‍್ಯಾಮ್‌ನಲ್ಲಿ ಅದು ತೆವಳುತ್ತದೆ.

ಕೈಯಲ್ಲಿ ಹತ್ತು ತಿಂಗಳಿದೆ. ವಾರಕ್ಕೆ ನಾಲ್ಕು ಆಮಂತ್ರಣ ತೆಗೆದು ಅದರ ಪಠ್ಯವನ್ನು ನುಡಿಯಿಂದ ಯೂನಿಕೋಡ್‌ಗೆ ಬದಲಿಸಿ ಉಳಿಸಿಕೊಳ್ಳಿ. ಪುಟವನ್ನು ಹಾಗೇ ಪಿಡಿಎಫ್ ಮಾಡಿಯೂ ಇಡಿ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ, ಎಡವಟ್ಟಾಗುವುದು ಅಲ್ಲೇ. ಅದು ಮುಗಿದಾಗ ಮಿಂಟ್‌ಪ್ರಿಯ ಹೇಳಿದ ದಾರಿಯೂ ನಿಮಗೆ ತೆರೆದಿರುತ್ತದೆ.

ಮಿಂಟ್‌ಪ್ರಿಯ · 11 ಡಿಸೆಂಬರ್, ಮಧ್ಯಾಹ್ನ 12:41

ಆಗ ನಾನೇ ಸಾಗರಕ್ಕೆ ಬಂದು ಹಾಕಿಕೊಡುತ್ತೇನೆ. ಆಟ ಇರುವ ದಿನ ನೋಡಿ ಕರೆಯಿರಿ.

ಮೇಷ್ಟ್ರು_ಸಾಗರ · 11 ಡಿಸೆಂಬರ್, ಮಧ್ಯಾಹ್ನ 1:15

ಖಂಡಿತ ಬನ್ನಿ, ಊಟ ನಮ್ಮಲ್ಲೇ. ಆಧಾರ್‌ಗಳನ್ನೆಲ್ಲ ಅಳಿಸಿದೆ. ಒಟ್ಟು 612 ಇದ್ದವು. ಅದರಲ್ಲಿ ನನ್ನದೇ 9.