ಅಪ್‌ಡೇಟ್: ಬೀಫ್ ಪಾಸ್ತಾ ಈಗ ತಳ ಹಿಡಿಯುತ್ತಿಲ್ಲ

ಬೀಫ್ ಖೀಮಾ, ಮ್ಯಾಕರೋನಿ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ತಳ ಸೀಯುತ್ತೆ, ಪಾಸ್ತಾ ಮಾತ್ರ ಬೇಯಲ್ಲ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್, ಸರಿಹೋಗಿದೆ.

500 ಗ್ರಾಂ ಖೀಮಾಕ್ಕೆ 250 ಗ್ರಾಂ ಮ್ಯಾಕರೋನಿ, 400 ಗ್ರಾಂ ಡಬ್ಬಿ ಟೊಮೆಟೊ, 600 ಮಿಲಿ ಬಿಸಿ ಸ್ಟಾಕ್ (ಮೂಳೆ ಅಥವಾ ತರಕಾರಿ ಬೇಯಿಸಿ ಸೋಸಿದ ರಸ). ಖೀಮಾ ಬಿಟ್ಟ ನೀರೆಲ್ಲ ಇಂಗಿ, ಚರಚರ ಸದ್ದು ಬಂದು ಕಂದಾಗುವವರೆಗೆ ದೊಡ್ಡ ಉರಿ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ ಸ್ಟಾಕ್ ಸುರಿದು, ತಳಕ್ಕೆ ಅಂಟಿದ್ದನ್ನು ಮರದ ಸೌಟಿನಿಂದ ಪೂರ್ತಿ ಕೆರೆಯಿರಿ. ಅಲ್ಲಿ ಉಳಿದದ್ದೇ ಆಮೇಲೆ ಸೀಯೋದು!

ಟೊಮೆಟೊ ಹಾಕಿ ಕುದಿ ಬಂದ ಮೇಲೆ ಮ್ಯಾಕರೋನಿ. ಅದು ರಸದಲ್ಲಿ ಮುಳುಗಿರಲೇಬೇಕು. ಸಣ್ಣ ಉರಿಯಲ್ಲಿ ಮುಚ್ಚಿ, ಆಗಾಗ ತಳದಿಂದ ತಿರುವಿ. ಮಂದ ರಸದಲ್ಲಿ ಪಾಸ್ತಾ ನಿಧಾನ ಬೇಯುತ್ತೆ, ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಎರಡು-ಮೂರು ನಿಮಿಷ ಹೆಚ್ಚು ಬೇಕು. ಚೆಡ್ಡಾರ್ ಚೀಸ್ ಒಲೆ ಆರಿಸಿದ ಮೇಲೆಯೇ ಹಾಕಿ, ಕುದಿಯುವಾಗ ಹಾಕಿದರೆ ಒಡೆದು ಎಣ್ಣೆ ಬಿಡುತ್ತೆ.